ಪದೇಪದೇ ಬರುವ ಬಿಳಿ ಮುಟ್ಟು, ತುರಿಕೆ: ತಪ್ಪು ನಿಜವಾಗಿ ಜಿಂಕ್‌ನದ್ದಾ?

ರಾಯಚೂರು, ಸಿಂಧನೂರು, ಗಂಗಾವತಿಯಂಥ ಊರುಗಳಲ್ಲೂ ಈಗ 'ಫುಲ್ ಬಾಡಿ ಚೆಕಪ್' ಪ್ಯಾಕೇಜ್ ಮಾಮೂಲಾಗಿದೆ. ಬೆಳಗ್ಗೆ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ. ಸಂಜೆಗೋ ಮರುದಿನಕ್ಕೋ ವಾಟ್ಸಾಪ್‌ಗೆ ಉದ್ದನೆಯ ಪಿಡಿಎಫ್ ಬರುತ್ತದೆ. ಶುಗರ್, ಥೈರಾಯ್ಡ್, ಕೊಲೆಸ್ಟರಾಲ್ ಎಲ್ಲ ಮುಗಿದ ಮೇಲೆ ಕೊನೆಯ ಪುಟಗಳಲ್ಲಿ ಕಬ್ಬಿಣ, ಜಿಂಕ್, ಮೆಗ್ನೀಸಿಯಂ, ಕ್ಯಾಲ್ಸಿಯಂ. ಒಂದಾದರೂ ಕೆಂಪಕ್ಷರದಲ್ಲಿ ಇದ್ದೇ ಇರುತ್ತದೆ. ತಿಂಗಳುಗಟ್ಟಲೆ ಬಿಳಿ ಮುಟ್ಟು, ಕೆಳಗೆ ಕಡಿತ, ಮೂತ್ರಕ್ಕೆ ಹೋದರೆ ಉರಿ ಅಂತ ಒದ್ದಾಡಿದ ಹೆಣ್ಣುಮಗಳಿಗೆ ಆ ಕೆಂಪಕ್ಷರ ಒಂಥರಾ ಸಮಾಧಾನ ಕೊಡುತ್ತದೆ. ಅಂತೂ ಕಾರಣ ಸಿಕ್ತಲ್ಲ! ಮೆಡಿಕಲ್ ಶಾಪ್‌ನಿಂದ ಒಂದು ಜಿಂಕ್ ಪಟ್ಟಿ, ಒಂದು ಮಲ್ಟಿವಿಟಮಿನ್ ಬಾಟಲಿ ಮನೆಗೆ ಬರುತ್ತದೆ. ಮುಂದಿನ ತಿಂಗಳು ತುರಿಕೆಯೂ ಬರುತ್ತದೆ.

ರಿಪೋರ್ಟ್ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಜಿಂಕ್, ಕಬ್ಬಿಣಕ್ಕೂ ಈ ತುರಿಕೆ ತರುವ ಫಂಗಸ್‌ಗೂ ಸಂಬಂಧ ಇದೆ, ಅದೂ ಬಹಳ ಸ್ವಾರಸ್ಯದ ಸಂಬಂಧ. ಆದರೆ ರಕ್ತದಲ್ಲಿ ಖನಿಜ ಕಡಿಮೆ ಕಂಡಿತು ಅನ್ನುವುದು ಬಹಳ ಸಲ ಕಾಯಿಲೆಯ ಕಾರಣ ಅಲ್ಲ, ಕಾಯಿಲೆಯ ಜೊತೆಗಾರ. ಅದರ ಹಿಂದೆ ಬಿದ್ದು ಎರಡು ಅಗ್ಗದ ಪರೀಕ್ಷೆಗಳನ್ನು ಬಿಟ್ಟುಬಿಡುತ್ತೇವೆ. ಒಂದು, ಯೋನಿಯ ಸ್ರಾವವನ್ನು ಗಾಜಿನ ಸ್ಲೈಡ್ ಮೇಲೆ ಹಾಕಿ ನೋಡುವುದು. ಇನ್ನೊಂದು, ಶುಗರ್.

ಮೊದಲು ಕಾಯಿಲೆ ಏನು ಅಂತ ನೋಡೋಣ. ಕ್ಯಾಂಡಿಡಾ ಅನ್ನುವ ಯೀಸ್ಟ್, ಅಂದರೆ ಒಂದು ಬಗೆಯ ಫಂಗಸ್, ನಮ್ಮ ಕರುಳಲ್ಲಿ, ಬಾಯಲ್ಲಿ, ಯೋನಿಯಲ್ಲಿ ಸುಮ್ಮನೆ ಇದ್ದುಕೊಂಡು ಹೋಗುವ ಜೀವಿ. ಅದು ಅತಿಯಾಗಿ ಬೆಳೆದು, ದುಂಡಗಿನ ರೂಪ ಬಿಟ್ಟು ಎಳೆಎಳೆಯಾಗಿ ಚರ್ಮದೊಳಗೆ ಇಳಿದಾಗ ತುರಿಕೆ, ಊತ, ಒಡೆದ ಮೊಸರಿನ ಥರದ ಬಿಳಿ ಸ್ರಾವ. ನೂರರಲ್ಲಿ ಸುಮಾರು 75 ಹೆಂಗಸರಿಗೆ ಜೀವನದಲ್ಲಿ ಒಂದು ಸಲವಾದರೂ ಇದು ಬರುತ್ತದೆ. ಹೆಚ್ಚಿನ ಸಲ ಕಾರಣ ಕ್ಯಾಂಡಿಡಾ ಆಲ್ಬಿಕನ್ಸ್ ಅನ್ನುವ ಜಾತಿ. ವರ್ಷಕ್ಕೆ ಮೂರು ಅಥವಾ ಅದಕ್ಕಿಂತ ಜಾಸ್ತಿ ಸಲ ಬಂದರೆ ಅದಕ್ಕೆ ಮರುಕಳಿಸುವ ಸೋಂಕು ಅನ್ನುತ್ತಾರೆ. ಮೊದಲು ನಾಲ್ಕು ಸಲ ಅನ್ನುತ್ತಿದ್ದರು, ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರ ಮಾರ್ಗಸೂಚಿಯಲ್ಲಿ ಅದನ್ನು ಮೂರು ಮಾಡಿತು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 13.8 ಕೋಟಿ ಹೆಂಗಸರು ಇಂಥ ಮರುಕಳಿಸುವ ಸೋಂಕಿನಿಂದ ನರಳುತ್ತಾರೆ ಅಂತ 2018ರ ಒಂದು ಅಂದಾಜು ಇದೆ. ಇದು ಗುಪ್ತರೋಗ ಅಲ್ಲ. ಗಂಡನಿಗೂ ರೂಢಿಯಂತೆ ಚಿಕಿತ್ಸೆ ಬೇಕಿಲ್ಲ. ಈ ಎರಡು ಮಾತನ್ನು ನಮ್ಮ ಕಡೆ ಮನೆಗಳಲ್ಲಿ ಗಟ್ಟಿಯಾಗಿ ಹೇಳಬೇಕು. ಸುಮ್ಸುಮ್ನೆ ಅನುಮಾನ ಹುಟ್ಟಿ ಜಗಳವಾಗುವುದಾದರೂ ತಪ್ಪುತ್ತದೆ.

ಈಗ ಖನಿಜದ ಕಥೆ. ಇದು ಹೊಸ ವಿಷಯ ಅಲ್ಲ. 1986ರಲ್ಲಿ ಅಮೆರಿಕದ ಸಂಶೋಧಕರು ಮರುಕಳಿಸುವ ಸೋಂಕಿರುವ ಹೆಂಗಸರ ರಕ್ತದಲ್ಲಿ ಜಿಂಕ್ ಸ್ವಲ್ಪ ಕಡಿಮೆ ಇರುವುದನ್ನು ಕಂಡು, ಇದೇ ಕಾರಣ ಇರಬಹುದಾ ಅಂತ ಕೇಳಿದರು. 1994ರಲ್ಲಿ ಇನ್ನೊಂದು ತಂಡ ರಕ್ತದ ದ್ರವದಲ್ಲಷ್ಟೇ ಅಲ್ಲ, ಬಿಳಿ ಕಣ, ಕೆಂಪು ಕಣಗಳಲ್ಲೂ ಜಿಂಕ್ ಅಳೆದು ನೋಡಿತು. ಅವರಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. 2005ರಲ್ಲಿ ಚೆಕ್ ದೇಶದ ವೈದ್ಯರು ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣ, ಜಿಂಕ್ ನಾಲ್ಕನ್ನೂ ಅಳೆದರು. ಸೋಂಕು ಜೋರಾಗಿದ್ದಾಗ ಒಮ್ಮೆ, ಕಡಿಮೆಯಾದಾಗ ಒಮ್ಮೆ, ಜೊತೆಗೆ ಸೋಂಕೇ ಇಲ್ಲದ ಹೆಂಗಸರಲ್ಲೂ. ಗುಂಪು ಗುಂಪಿನ ನಡುವೆ ಸಣ್ಣ ವ್ಯತ್ಯಾಸಗಳು ಕಂಡವು. ಆದರೆ ಆ ಅಂಕಿಗಳು ಬಹುಮಟ್ಟಿಗೆ ನಾರ್ಮಲ್ ಮಿತಿಯ ಒಳಗೇ ಇದ್ದವು. ಎಲ್ಲವೂ ಸಣ್ಣ ಅಧ್ಯಯನಗಳು. ಜಿಂಕ್ ಮಾತ್ರೆ ನುಂಗಿದರೆ ಈ ಕಾಯಿಲೆ ಮರುಕಳಿಸುವುದಿಲ್ಲ ಅಂತ ಹೇಳುವ ಬಲ ಇವುಗಳಿಗಿಲ್ಲ.

ಸಂಬಂಧದ ನಿಜವಾದ ಸ್ವಾರಸ್ಯ ಇರುವುದು ಫಂಗಸ್ ಮತ್ತು ದೇಹದ ನಡುವಿನ ಕಿತ್ತಾಟದಲ್ಲಿ. ಯೀಸ್ಟ್‌ಗೂ ಬದುಕಲು ಕಬ್ಬಿಣ ಬೇಕು, ಜಿಂಕ್ ಬೇಕು. ನಮ್ಮ ದೇಹಕ್ಕೆ ಇದು ಗೊತ್ತು. ಸೋಂಕು ಬಂದ ಕೂಡಲೇ ಅದು ಇವನ್ನು ಬಚ್ಚಿಡುತ್ತದೆ. ಲ್ಯಾಕ್ಟೋಫೆರಿನ್ ಅನ್ನುವ ಪ್ರೋಟೀನ್ ಕಬ್ಬಿಣವನ್ನು ಹಿಡಿದಿಡುತ್ತದೆ. ಬಿಳಿ ರಕ್ತಕಣಗಳಲ್ಲಿ ತುಂಬಿರುವ ಕ್ಯಾಲ್‌ಪ್ರೊಟೆಕ್ಟಿನ್ ಜಿಂಕ್, ಮ್ಯಾಂಗನೀಸ್ ಹಿಡಿದಿಡುತ್ತದೆ. ತುಂಗಭದ್ರಾ ಕಾಲುವೆ ಕೆಳಗೆ ಭತ್ತ ಬೆಳೆಯುವವರಿಗೆ ಇದು ಬೇಗ ಅರ್ಥವಾಗುತ್ತದೆ. ಸುಣ್ಣದ ಅಂಶ ಜಾಸ್ತಿ ಇರುವ ಕಪ್ಪು ಮಣ್ಣಿನಲ್ಲಿ ಜಿಂಕ್ ಇದ್ದರೂ ಪೈರಿಗೆ ಸಿಗುವುದಿಲ್ಲ, ಮಣ್ಣು ಅದನ್ನು ಕಟ್ಟಿಹಾಕಿರುತ್ತದೆ. ಅದಕ್ಕೇ ತಾನೇ ಗದ್ದೆಗೆ ಜಿಂಕ್ ಸಲ್ಫೇಟ್ ಚೀಲ ತರುವುದು? 2009ರಲ್ಲಿ ಶುರುವಾದ, ಹೊಲದ ಮಣ್ಣು ಸುಧಾರಿಸುವ ರಾಜ್ಯದ ಭೂಚೇತನ ಯೋಜನೆಯಲ್ಲೂ ಜಿಂಕ್, ಬೋರಾನ್, ಗಂಧಕದ ಕೊರತೆಯ ಮಾತೇ ಇತ್ತು. ವ್ಯತ್ಯಾಸ ಇಷ್ಟೇ, ಮಣ್ಣು ಸುಮ್ಮನೆ ಕಟ್ಟಿಹಾಕುತ್ತದೆ, ದೇಹ ಬೇಕಂತಲೇ ಕಟ್ಟಿಹಾಕುತ್ತದೆ.

ಫಂಗಸ್ ಏನು ಕಡಿಮೆ? ಅದು ಪಿಆರ್‌ಎ1 ಅನ್ನುವ ಪ್ರೋಟೀನನ್ನು ಹೊರಗೆ ಬಿಡುತ್ತದೆ. ಅದು ಸುತ್ತಮುತ್ತಲಿನ ಜಿಂಕ್ ಹೆಕ್ಕಿಕೊಂಡು ವಾಪಸ್ ಫಂಗಸ್‌ಗೆ ತಂದುಕೊಡುತ್ತದೆ. 2012ರಲ್ಲಿ ಗೊತ್ತಾದ ಸಂಗತಿ ಇದು. ಮುಂದಿನದು ಇನ್ನೂ ಮಜಾ ಇದೆ. 2023ರಲ್ಲಿ 'ಸೈನ್ಸ್ ಟ್ರಾನ್ಸ್‌ಲೇಷನಲ್ ಮೆಡಿಸಿನ್' ಪತ್ರಿಕೆಯಲ್ಲಿ ಬಂದ ಕೆಲಸದ ಪ್ರಕಾರ, ಯೋನಿಯ ಉರಿ, ಊತಕ್ಕೆ ದೊಡ್ಡ ಕಾರಣ ಇದೇ ಪಿಆರ್‌ಎ1. ಅದನ್ನು ಕಂಡು ಬಿಳಿ ರಕ್ತಕಣಗಳು ಹಿಂಡುಹಿಂಡಾಗಿ ಓಡಿಬರುತ್ತವೆ. ಬಂದು ಫಂಗಸ್ ಕೊಲ್ಲುವುದಕ್ಕಿಂತ ಗಲಾಟೆ ಮಾಡುವುದೇ ಹೆಚ್ಚು. ಆ ಜಾಗದಲ್ಲಿ ಸ್ವಲ್ಪ ಜಿಂಕ್ ಇಟ್ಟರೆ? ಫಂಗಸ್‌ಗೆ ಜಿಂಕ್‌ಗಾಗಿ ಒದ್ದಾಡುವ ಅಗತ್ಯ ಇಲ್ಲ, ಪಿಆರ್‌ಎ1 ಮಾಡುವುದನ್ನು ನಿಲ್ಲಿಸುತ್ತದೆ, ಗಲಾಟೆಯೂ ತಣ್ಣಗಾಗುತ್ತದೆ. ಇಲಿಗಳಲ್ಲಿ ಹಾಗೇ ಆಯಿತು. ಜಿಂಕ್ ಇರುವ ಜೆಲ್ ಹಚ್ಚಿಕೊಂಡ ಬೆರಳೆಣಿಕೆಯ ಹೆಂಗಸರಲ್ಲೂ ಹೆಚ್ಚಿನವರಿಗೆ ಸೋಂಕು ಮರುಕಳಿಸಲಿಲ್ಲ.

ಇದನ್ನೇ ಓದಿ 'ಜಿಂಕ್ ತಗೊಂಡ್ರೆ ವಾಸಿ' ಅನ್ನುವ ರೀಲ್‌ಗಳು ಹುಟ್ಟಿಕೊಂಡಿವೆ. ಗಮನಿಸಿ, ಆ ಸಂಶೋಧಕರು ಕೊಟ್ಟದ್ದು ಮಾತ್ರೆ ಅಲ್ಲ. ಹಚ್ಚಿದ್ದು ಆ ಜಾಗಕ್ಕೆ. ಅದೂ ಹೆಂಗಸರಿಗೆ ಜಿಂಕ್ ಕೊರತೆ ಇತ್ತು ಅಂತಲ್ಲ. ಹಾಗಂತ ಮಕ್ಕಳ ಮೈಗೆ ಹಚ್ಚುವ ಜಿಂಕ್ ಆಕ್ಸೈಡ್ ಕ್ರೀಮ್ ತಂದು ಒಳಗೆ ಹಚ್ಚಿಕೊಳ್ಳುವ ಸಾಹಸ ಬೇಡ. ಅದು ಹೊರಚರ್ಮಕ್ಕೆ ಮಾಡಿದ ಔಷಧಿ.

ಇನ್ನು ಆ ಪಿಡಿಎಫ್‌ನ ಕೆಂಪಕ್ಷರ. ದೇಹದ ಒಟ್ಟು ಜಿಂಕ್‌ನಲ್ಲಿ ರಕ್ತದ ದ್ರವದಲ್ಲಿ ಇರುವುದು ನೂರಕ್ಕೆ ಒಂದು ಭಾಗಕ್ಕಿಂತ ಕಡಿಮೆ. ಮೆಗ್ನೀಸಿಯಂ ಕಥೆಯೂ ಅದೇ, ಉಳಿದದ್ದೆಲ್ಲ ಮೂಳೆ, ಮಾಂಸದಲ್ಲಿ. ರಕ್ತದ ಜಿಂಕ್ ಬೆಳಗ್ಗೆ ಒಂದು ಥರ, ಊಟವಾದ ಮೇಲೆ ಇನ್ನೊಂದು ಥರ. ಎಲ್ಲಕ್ಕಿಂತ ಮುಖ್ಯವಾಗಿ, ಮೈಯಲ್ಲಿ ಜ್ವರ, ಉರಿಯೂತ ಇದ್ದಾಗ ದೇಹ ಜಿಂಕ್ ಮತ್ತು ಕಬ್ಬಿಣವನ್ನು ರಕ್ತದಿಂದ ಎತ್ತಿ ಒಳಗೆ ಇಟ್ಟುಕೊಳ್ಳುತ್ತದೆ. ಕೊರತೆಯೇ ಇಲ್ಲದಿದ್ದರೂ ರಿಪೋರ್ಟ್‌ನಲ್ಲಿ ಕಡಿಮೆ ಅಂತ ಬರಬಹುದು. ಕಬ್ಬಿಣದ ದಾಸ್ತಾನು ಹೇಳುವ ಫೆರಿಟಿನ್ ಮಾತ್ರ ಉಲ್ಟಾ, ಉರಿಯೂತ ಇದ್ದರೆ ಸುಳ್ಳು ಸುಳ್ಳೇ ಏರುತ್ತದೆ.

ಇನ್ನೊಂದು ಮುಖ್ಯ ತಿರುವು ಸಕ್ಕರೆ ಕಾಯಿಲೆ. ಶುಗರ್ ಹತೋಟಿಯಲ್ಲಿ ಇಲ್ಲದವರಿಗೆ ಮೂತ್ರದಲ್ಲಿ ಜಿಂಕ್, ಮೆಗ್ನೀಸಿಯಂ ಜಾಸ್ತಿ ಹೋಗುತ್ತದೆ. ಅದೇ ಶುಗರ್‌ನಿಂದ ಕ್ಯಾಂಡಿಡಾ ಕೂಡ ಬೆಳೆಯುತ್ತದೆ. ಜಿಂಕ್ ಕಡಿಮೆ, ಫಂಗಸ್ ಜಾಸ್ತಿ, ಎರಡಕ್ಕೂ ತಾಯಿ ಒಂದೇ. ಅಂಥವರಿಗೆ ಜಿಂಕ್ ಮಾತ್ರೆ ಕೊಟ್ಟು ಶುಗರ್ ನೋಡದಿದ್ದರೆ ರಿಪೋರ್ಟ್‌ನ ಅಂಕಿ ಸರಿಹೋಗಬಹುದು, ತುರಿಕೆ ಅಲ್ಲೇ ಇರುತ್ತದೆ.

ಶುಗರ್ ಮಾತ್ರೆಯ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅನ್ನುವ ಮಾತ್ರೆಗಳು ಸಕ್ಕರೆಯನ್ನು ಮೂತ್ರದ ಮೂಲಕ ಹೊರಗೆ ಹಾಕುತ್ತವೆ. ಹೃದಯ, ಕಿಡ್ನಿಗೆ ಒಳ್ಳೆಯ ಔಷಧಿಗಳೇ. ಭಾರತದಲ್ಲಿ ಡಾಪಾಗ್ಲಿಫ್ಲೋಜಿನ್ ಪೇಟೆಂಟ್ 2020ರಲ್ಲಿ, ಎಂಪಾಗ್ಲಿಫ್ಲೋಜಿನ್‌ದು 2025ರಲ್ಲಿ ಮುಗಿದ ಮೇಲೆ ಬೆಲೆ ಇಳಿಯಿತು, ತಾಲೂಕು ಊರುಗಳಲ್ಲೂ ಬರೆದುಕೊಡುವುದು ಹೆಚ್ಚಾಯಿತು. ಆದರೆ ಕೆಳಗೆ ಸದಾ ಸಕ್ಕರೆಯ ಮೂತ್ರ ತಾಗುತ್ತಿದ್ದರೆ ಯೀಸ್ಟ್‌ಗೆ ಹಬ್ಬ. ಈ ಮಾತ್ರೆಗಳ ಎಲ್ಲರಿಗೂ ಗೊತ್ತಿರುವ ಅಡ್ಡಪರಿಣಾಮವೇ ಇದು, ಹೆಂಗಸರಲ್ಲಿ ಇನ್ನೂ ಜಾಸ್ತಿ. ಐವತ್ತು ದಾಟಿದ ಅಮ್ಮನಿಗೆ ಇದ್ದಕ್ಕಿದ್ದಂತೆ ತುರಿಕೆ ಶುರುವಾದರೆ ಹೊಸ ಶುಗರ್ ಮಾತ್ರೆ ಯಾವಾಗ ಶುರುವಾಯಿತು ಅಂತ ಒಮ್ಮೆ ಚೀಟಿ ನೋಡಿ. ತಾವೇ ನಿಲ್ಲಿಸುವುದು ಬೇಡ, ಬರೆದುಕೊಟ್ಟ ಡಾಕ್ಟರಿಗೆ ಹೇಳಬೇಕು. ಆ ಅಮ್ಮ ಇದನ್ನು ಗಂಡಸು ಡಾಕ್ಟರ ಮುಂದೆ, ಪಕ್ಕದಲ್ಲಿ ಮಗ ನಿಂತಿರುವಾಗ ಹೇಳುತ್ತಾಳಾ ಅನ್ನುವುದು ಬೇರೆ ಪ್ರಶ್ನೆ.

ಕಬ್ಬಿಣಕ್ಕೆ ಬರೋಣ. ಸಂಡೂರಿನ ಗುಡ್ಡದಿಂದ ಲಾರಿಗಟ್ಟಲೆ ಅದಿರು ಹೋಗುವ ಸೀಮೆಯಲ್ಲಿ ಹೆಂಗಸರ ರಕ್ತಹೀನತೆಯ ಬಗ್ಗೆ ಬರೆದವರೆಲ್ಲ ಆ ವ್ಯಂಗ್ಯ ಹೇಳಿ ಮುಗಿಸಿದ್ದಾರೆ, ನಾನು ಬಿಡುತ್ತೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ. ಹತ್ತಿರ ಹತ್ತಿರ ಅರ್ಧ. ರಕ್ತಹೀನತೆ ಇಷ್ಟು ಸಾಮಾನ್ಯ ಆಗಿರುವ ಕಡೆ, ಯಾವ ಕಾಯಿಲೆಯವರನ್ನು ಹಿಡಿದು ಪರೀಕ್ಷೆ ಮಾಡಿದರೂ ಅರ್ಧ ಜನರಿಗೆ ಎಚ್‌ಬಿ ಕಡಿಮೆ ಸಿಗುತ್ತದೆ. ಮೊಣಕಾಲು ನೋವಿನವರಲ್ಲೂ ಸಿಗುತ್ತದೆ. ಅದನ್ನು ತುರಿಕೆಗೆ ಕಾರಣ ಅನ್ನಲು ಬೇರೆ ಪುರಾವೆ ಬೇಕು. ಕಬ್ಬಿಣ ಕಡಿಮೆಯಾದರೆ ಬಿಳಿ ಕಣಗಳ ಶಕ್ತಿ ಕುಗ್ಗುತ್ತದೆ ಅನ್ನುವುದು ನಿಜ. ಕಟಬಾಯಿ ಒಡೆದು ಅಲ್ಲಿ ಕ್ಯಾಂಡಿಡಾ ಕೂರುವುದು ರಕ್ತಹೀನತೆಯವರಲ್ಲಿ ಕಾಣುತ್ತದೆ. ಯೋನಿಯ ಸೋಂಕಿನ ವಿಷಯದಲ್ಲಿ ಅಷ್ಟು ಗಟ್ಟಿ ಪುರಾವೆ ಇಲ್ಲ.

ಇದಕ್ಕೆ ತದ್ವಿರುದ್ಧದ ಹೆದರಿಕೆಯೂ ಓಡಾಡುತ್ತಿದೆ. ಫಂಗಸ್ ಕಬ್ಬಿಣ ತಿಂದು ಬೆಳೆಯುತ್ತದಂತೆ, ಹಾಗಾಗಿ ಆಶಾ ಅಕ್ಕ ಕೊಡುವ ಕೆಂಪು ಮಾತ್ರೆ ಬೇಡ ಅಂತ. ಮೊದಲೇ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ ಅಂತ ಬಿಡುವವರಿಗೆ ಇನ್ನೊಂದು ನೆಪ. ಕ್ಯಾಂಡಿಡಾ ರಕ್ತದ ಹಿಮೋಗ್ಲೋಬಿನ್‌ನಿಂದಲೂ ಕಬ್ಬಿಣ ಕೀಳಬಲ್ಲದು ಅನ್ನುವುದು ಪ್ರಯೋಗಾಲಯದಲ್ಲಿ ಗೊತ್ತಾದ ವಿಷಯವೇ. ಆದರೆ ಸ್ವಲ್ಪ ಯೋಚಿಸಿ. ಕಬ್ಬಿಣ ಸಿಕ್ಕರೆ ಸಾಕು ಅನ್ನುವ ಹಾಗಿದ್ದರೆ ಮುಟ್ಟಿನ ದಿನಗಳಲ್ಲಿ ತುರಿಕೆ ತಡೆಯಲಾಗದಷ್ಟು ಆಗಬೇಕಿತ್ತಲ್ವಾ? ಸಾಮಾನ್ಯವಾಗಿ ಆಗುವುದು ಬೇರೆ. ಮುಟ್ಟಿಗೆ ಮುಂಚಿನ ವಾರ ಜಾಸ್ತಿ, ಮುಟ್ಟಾದ ಮೇಲೆ ಕಡಿಮೆ. ಇಲ್ಲಿ ಹಾರ್ಮೋನುಗಳ ಕೈವಾಡ ದೊಡ್ಡದು. 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುವ ಆ ಕೆಂಪು ಮಾತ್ರೆಯನ್ನು ರಕ್ತಹೀನತೆಗಾಗಿ ತಗೊಳ್ಳಿ, ತುರಿಕೆಯ ಲೆಕ್ಕಕ್ಕೆ ಅದನ್ನು ತರಬೇಡಿ. ಚಹಾದ ಜೊತೆ ಮಾತ್ರ ಬೇಡ, ಚಹಾ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ.

ಹಾಗಾದರೆ ಸೋಂಕು ಪದೇಪದೇ ಯಾಕೆ ಬರುತ್ತದೆ? ನನ್ನ ಅನುಮಾನ, ನಮ್ಮ ಕಡೆ ಬಹಳ ಸಲ ಬರುವುದು ಆ ಸೋಂಕೇ ಅಲ್ಲ. ಅಮೆರಿಕದಲ್ಲಿ 2002ರಲ್ಲಿ ಒಂದು ಅಧ್ಯಯನ ನಡೆಯಿತು. ತಮಗೆ ಯೀಸ್ಟ್ ಸೋಂಕು ಅಂತ ತಾವೇ ತೀರ್ಮಾನಿಸಿ ಅಂಗಡಿಯಲ್ಲಿ ಔಷಧಿ ಕೊಂಡ ಹೆಂಗಸರನ್ನು ಪರೀಕ್ಷೆ ಮಾಡಿದರು. ಬರೀ ಕ್ಯಾಂಡಿಡಾ ಇದ್ದದ್ದು ಮೂವರಲ್ಲಿ ಒಬ್ಬರಿಗೆ ಮಾತ್ರ. ಉಳಿದವರಿಗೆ ಬ್ಯಾಕ್ಟೀರಿಯಾ ತೊಂದರೆ, ಬೇರೆ ಸೋಂಕು, ಅಥವಾ ಏನೂ ಇಲ್ಲ. ಅಲ್ಲಿಯೇ ಹಾಗೆ. ಇಲ್ಲಿ ಚೀಟಿ ಇಲ್ಲದೆ 'ಕೆಳಗೆ ಕಡಿತ' ಅಂತ ಮೆಲ್ಲಗೆ ಹೇಳಿ ತರುವ ಕ್ರೀಮ್‌ನಲ್ಲಿ ಫಂಗಸ್ ಔಷಧಿಯ ಜೊತೆ ಸ್ಟೀರಾಯ್ಡ್, ಆಂಟಿಬಯೋಟಿಕ್ ಎಲ್ಲ ಸೇರಿರುತ್ತದೆ. ಸ್ಟೀರಾಯ್ಡ್ ಎರಡೇ ದಿನಕ್ಕೆ ತುರಿಕೆ ನಿಲ್ಲಿಸುತ್ತದೆ, ಚರ್ಮ ತೆಳ್ಳಗೆ ಮಾಡುತ್ತದೆ, ಫಂಗಸ್‌ಗೆ ದಾರಿ ಬಿಡುತ್ತದೆ. ಬಿಟ್ಟ ಕೂಡಲೇ ಉರಿ ಇಮ್ಮಡಿ. ಜ್ವರ, ಕೆಮ್ಮಿಗೆಲ್ಲ ಹಳ್ಳಿಯ ಆರ್‌ಎಂಪಿ ಕೊಡುವ ಆಂಟಿಬಯೋಟಿಕ್ ಕೂಡ ಯೋನಿಯ ಒಳ್ಳೆಯ ಬ್ಯಾಕ್ಟೀರಿಯಾವನ್ನು ಗುಡಿಸಿಹಾಕಿ ಯೀಸ್ಟ್‌ಗೆ ಜಾಗ ಮಾಡಿಕೊಡುತ್ತದೆ.

ಗುಪ್ತರೋಗ, ಜನನಾಂಗದ ಸೋಂಕು ನೋಡುವ ಸರ್ಕಾರಿ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಬಿಳಿ ಮುಟ್ಟಿಗೆ ಅಂತ ಕೊಡುತ್ತಾ ಬಂದ ಹಸಿರು ಕಿಟ್‌ನಲ್ಲಿ ಬ್ಯಾಕ್ಟೀರಿಯಾ ತೊಂದರೆಗೆ ಕೊಡುವ ಸೆಕ್ನಿಡಜೋಲ್ ಜೊತೆ 150 ಮಿಲಿಗ್ರಾಂನ ಒಂದೇ ಒಂದು ಫ್ಲುಕೊನಜೋಲ್ ಅನ್ನುವ ಫಂಗಸ್ ಮಾತ್ರೆ ಇರುತ್ತದೆ. ಲ್ಯಾಬ್ ಇಲ್ಲದ ಕಡೆ ಲಕ್ಷಣ ನೋಡಿ ಔಷಧಿ ಕೊಡುವ ಆ ಪದ್ಧತಿಯನ್ನು ನಾನು ಹಳಿಯುವುದಿಲ್ಲ, ಮೊದಲ ಸಲಕ್ಕೆ ಅದು ಸಾಕು. ನಾಲ್ಕನೇ ಸಲವೂ ಅದೇ ಕಿಟ್ ಅಂದರೆ ಮಾತ್ರ ಎಲ್ಲೋ ತಪ್ಪುತ್ತಿದೆ.

ಸ್ಲೈಡ್ ಪರೀಕ್ಷೆ ನೋಡಲು ಬಹಳ ಸರಳ. ಹತ್ತಿಯ ಕಡ್ಡಿಯಲ್ಲಿ ಸ್ವಲ್ಪ ಸ್ರಾವ ತೆಗೆದು ಹುಳಿಯಂಶ ಅಳೆಯುವ ಪಿಎಚ್ ಪಟ್ಟಿಗೆ ಒತ್ತುತ್ತಾರೆ. ಯೀಸ್ಟ್ ಆದರೆ ಸಾಮಾನ್ಯವಾಗಿ 4.5 ಅಥವಾ ಅದಕ್ಕಿಂತ ಕಡಿಮೆ, ಬ್ಯಾಕ್ಟೀರಿಯಾದ ತೊಂದರೆ ಆದರೆ ಅದಕ್ಕಿಂತ ಜಾಸ್ತಿ. ಗಾಜಿನ ಒಂದು ಬದಿಗೆ ಸಲೈನ್ ಹನಿ, ಇನ್ನೊಂದು ಬದಿಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ. ಎರಡನೆಯದು ಚರ್ಮದ ಕೋಶಗಳನ್ನೆಲ್ಲ ಕರಗಿಸಿಬಿಡುತ್ತದೆ. ಕರಗದೆ ಉಳಿಯುವುದು ಫಂಗಸ್. ಮೈಕ್ರೋಸ್ಕೋಪ್‌ನಲ್ಲಿ ಮೊಗ್ಗು ಬಿಟ್ಟ ದುಂಡು ಕಣಗಳು, ಅವುಗಳ ನಡುವೆ ಕವಲೊಡೆದ ತೆಳ್ಳನೆಯ ಎಳೆಗಳು ಕಾಣುತ್ತವೆ. ಸಲೈನ್ ಹನಿಯಲ್ಲಿ ಪುಟಪುಟ ಓಡಾಡುವ ಜೀವಿ ಕಂಡರೆ ಅದು ಟ್ರೈಕೊಮೊನಾಸ್, ಅದಕ್ಕೆ ಔಷಧಿಯೇ ಬೇರೆ, ಅಲ್ಲಿ ಗಂಡನಿಗೂ ಚಿಕಿತ್ಸೆ ಬೇಕು. ನಿಮಿಷಗಳ ಕೆಲಸ ಇದು. ಸ್ಲೈಡ್‌ನಲ್ಲಿ ಕಾಣದೆಯೂ ಯೀಸ್ಟ್ ಇರಬಹುದು, ಹಾಗಾಗಿ ಪದೇಪದೇ ಬರುವವರಿಗೆ ಕಲ್ಚರ್ ಕೂಡ, ಅಂದರೆ ಸ್ರಾವದಲ್ಲಿರುವ ಫಂಗಸನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವುದು, ಬೇಕು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ಮೈಕ್ರೋಬಯಾಲಜಿ ವಿಭಾಗ ಇಂಥ ಕೆಲಸಕ್ಕೇ ಇರುವುದು.

ಕಲ್ಚರ್ ಯಾಕೆ ಅಂದರೆ ಜಾತಿ ಗೊತ್ತಾಗಬೇಕು. ಆಲ್ಬಿಕನ್ಸ್ ಆದರೆ ದಾರಿ ಸ್ಪಷ್ಟ. 150 ಮಿಲಿಗ್ರಾಂ ಫ್ಲುಕೊನಜೋಲ್ ಮೂರು ದಿನಕ್ಕೊಂದರಂತೆ ಮೂರು ಸಲ, ಆಮೇಲೆ ವಾರಕ್ಕೊಂದು, ಆರು ತಿಂಗಳು. 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೀಗೆ ತೆಗೆದುಕೊಂಡವರಲ್ಲಿ ಆರು ತಿಂಗಳಿಗೆ ಶೇ. 90ರಷ್ಟು ಮಂದಿ ಆರಾಮಾಗಿದ್ದರು. ಮಾತ್ರೆ ನಿಲ್ಲಿಸಿ ಇನ್ನಾರು ತಿಂಗಳಾದ ಮೇಲೆ ಶೇ. 43ರಷ್ಟು. ಅಂದರೆ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮತ್ತೆ ಬಂತು. ಡಾಕ್ಟರು ಇದನ್ನು ಮೊದಲೇ ಹೇಳಿದರೆ ರೋಗಿ ಊರೂರು ಅಲೆಯುವುದು, ಕೊನೆಗೆ ಖನಿಜದ ಪಿಡಿಎಫ್‌ಗೆ ಜೋತುಬೀಳುವುದು ಎಷ್ಟೋ ಕಡಿಮೆಯಾಗುತ್ತದೆ. ಗ್ಲಾಬ್ರಾಟಾ ಅನ್ನುವ ಜಾತಿ ಆದರೆ ಫ್ಲುಕೊನಜೋಲ್ ಸರಿಯಾಗಿ ತಾಗುವುದಿಲ್ಲ. ಆಗ ಬೋರಿಕ್ ಆಮ್ಲದ 600 ಮಿಲಿಗ್ರಾಂ ಕ್ಯಾಪ್ಸೂಲ್ ಒಳಗೆ ಇಡಲು ಹೇಳುತ್ತಾರೆ. ಕ್ಯಾರಂ ಬೋರ್ಡ್‌ಗೆ ಉದುರಿಸುವ ಬಿಳಿ ಪುಡಿಯೂ ಬೋರಿಕ್ ಆಮ್ಲವೇ, ಆದರೆ ಆ ಡಬ್ಬಿ ಇದಕ್ಕಲ್ಲ. ನುಂಗಿದರೆ ವಿಷ, ಬಸುರಿಯರಿಗಂತೂ ಬೇಡವೇ ಬೇಡ.

ಇಳಕಲ್ ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ ಇಡೀ ದಿನ ಕೆಸರಲ್ಲಿ ನಾಟಿ ಹಚ್ಚುವವರು, ಬಳ್ಳಾರಿಯ ಜೀನ್ಸ್ ಯೂನಿಟ್‌ಗಳಲ್ಲಿ ಸೆಕೆಯಲ್ಲಿ ಕೂತು ಹೊಲಿಯುವವರು, ಒದ್ದೆ ಬಟ್ಟೆಯಿಂದ ಬಂತು ಅನ್ನುತ್ತಾರೆ. ಒದ್ದೆ, ಬಿಗಿ ಬಟ್ಟೆಯಿಂದ ಕಿರಿಕಿರಿ ಹೆಚ್ಚುವುದು ಹೌದು. ಮರುಕಳಿಸಲು ಅದೇ ಮೂಲ ಕಾರಣ ಅನ್ನುವುದಕ್ಕೆ ಪುರಾವೆ ಅಷ್ಟಕ್ಕಷ್ಟೆ. ಆಂಟಿಸೆಪ್ಟಿಕ್ ಹಾಕಿ ಒಳಗೆ ತೊಳೆಯುವುದು ಮಾತ್ರ ಖಂಡಿತ ಕೆಡುಕು.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಭಾರತದ ಹೆಂಗಸರಿಗೆ ದಿನಕ್ಕೆ 13.2 ಮಿಲಿಗ್ರಾಂ ಜಿಂಕ್, 29 ಮಿಲಿಗ್ರಾಂ ಕಬ್ಬಿಣ ಬೇಕು ಅಂತ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2020ರಲ್ಲಿ ಹೇಳಿದೆ. ರೊಟ್ಟಿ, ಮೊಳಕೆ ಕಾಳು, ಶೇಂಗಾ ಹಿಂಡಿ, ಗುರೆಳ್ಳು, ಪುಂಡಿ ಪಲ್ಯ, ಆಗುವವರಿಗೆ ಮೊಟ್ಟೆ, ಮಾಂಸ. ಬರೀ ಅನ್ನ ಸಾರಿಗಿಂತ ಇದು ಎಷ್ಟೋ ಮೇಲು. ಕೊರೊನಾ ಕಾಲದಿಂದ ಮನೆಯಲ್ಲಿ ಉಳಿದ ಅಭ್ಯಾಸ ಅಂತ 50 ಮಿಲಿಗ್ರಾಂ ಜಿಂಕ್ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುವವರಿಗೆ ಒಂದು ಮಾತು. ಜಿಂಕ್ ಅತಿಯಾದರೆ ಮೈಗೆ ತಾಮ್ರ ಹತ್ತುವುದಿಲ್ಲ. ತಾಮ್ರ ಕಡಿಮೆಯಾದರೆ ರಕ್ತಹೀನತೆ ಬರುತ್ತದೆ, ಬಿಳಿ ಕಣವೂ ಇಳಿಯುತ್ತದೆ. ಮಕ್ಕಳ ಭೇದಿಗೆ ಓಆರ್‌ಎಸ್ ಜೊತೆ ಕೊಡುವ 20 ಮಿಲಿಗ್ರಾಂ ಜಿಂಕ್‌ಗೂ 14 ದಿನ ಅಂತ ಲೆಕ್ಕ ಇಟ್ಟಿರುವುದು ಸುಮ್ನೆ ಅಲ್ಲ.

ಪರೀಕ್ಷೆಗೆ ಹೋಗುವವರು ಮುಟ್ಟಿನ ದಿನ ಬಿಟ್ಟು, ತುರಿಕೆ ಇರುವಾಗಲೇ ಹೋಗಿ. ಹೋಗುವ ಮುಂಚೆ ಕ್ರೀಮ್ ಹಚ್ಚಬೇಡಿ, ಮೊದಲೇ ಹಚ್ಚಿದ್ದರೆ ಅದರ ಟ್ಯೂಬ್ ತೆಗೆದುಕೊಂಡು ಹೋಗಿ ತೋರಿಸಿ. ಶುಗರ್‌ಗೆ ಗ್ಲಿಮೆಪಿರೈಡ್ ಥರದ ಮಾತ್ರೆ ನಡೆಯುತ್ತಿದ್ದರೆ ಹೇಳಲೇಬೇಕು, ಫ್ಲುಕೊನಜೋಲ್ ಜೊತೆ ಸೇರಿದರೆ ಶುಗರ್ ಒಮ್ಮೆಲೇ ಕೆಳಗೆ ಬೀಳಬಹುದು. ಬಸುರಿ ಆಗಿದ್ದರೆ, ಅಥವಾ ಮುಟ್ಟು ತಪ್ಪಿ ಅನುಮಾನ ಇದ್ದರೆ ಅದನ್ನೂ ಹೇಳಿ. ಅವರಿಗೆ ನುಂಗುವ ಫ್ಲುಕೊನಜೋಲ್ ಕೊಡುವುದಿಲ್ಲ, ಏಳು ದಿನ ಒಳಗೆ ಇಡುವ ಔಷಧಿ ಕೊಡುತ್ತಾರೆ.